ಹಿನ್ನೀರಿನ ಹಾಯಿದೋಣಿಗೆ ಕರೆಂಟ್ ಮೋಟರ್: ಡೀಸೆಲ್ ಎಂಜಿನ್ ಇಳಿಸಿ ಬ್ಯಾಟರಿ ಕೂರಿಸುವ ಬಗೆ

ನಮ್ಮ ದೋಣಿ 22 ಅಡಿ ಉದ್ದ. ಫೈಬರ್ ಮೈ, ಒಂದು ಹಾಯಿಕಂಬ, ಎರಡು ಹಾಯಿ, ಹೊಟ್ಟೆಯೊಳಗೆ 10 ಎಚ್‌ಪಿ ಡೀಸೆಲ್ ಎಂಜಿನ್. ಕರಾವಳಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತು. ನಾನೂ ಭಾವನೂ ಸೇರಿ ಕೊಂಡು, ಲಾರಿ ಮೇಲೆ ಗೇರುಸೊಪ್ಪ ಘಾಟಿ ಹತ್ತಿಸಿ ಶರಾವತಿ ಹಿನ್ನೀರಿಗೆ ತಂದೆವು. ಎರಡು ವರ್ಷ ಡೀಸೆಲ್‌ನಲ್ಲೇ ಓಡಿಸಿದೆವು. ಈಗ ಅದು ಬ್ಯಾಟರಿ ಮೇಲೆ ಓಡುತ್ತಿದೆ. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು, ನೀವು ಮಾಡುವುದಾದರೆ ಯಾವುದನ್ನು ಮೊದಲು ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಬದಲಿಸಲು ಕಾರಣ ಹೊಗೆ ಮಾತ್ರ ಅಲ್ಲ. ಎಂಜಿನ್ ಕೆಳಗೆ ನಿಂತ ನೀರನ್ನು ಪಂಪ್ ಮಾಡಿ ಹೊರಗೆ ಹಾಕಿದಾಗ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತಿತ್ತು. ಸ್ವಲ್ಪ ದೂರದಲ್ಲೇ ದಡದ ಮನೆಯವರು ಕೊಡ ತುಂಬಿಸುತ್ತಿದ್ದರು. ಒಂದು ಸಲ ನೋಡಿದ ಮೇಲೆ ಮರೆಯಲು ಆಗಲಿಲ್ಲ. ಇನ್ನೊಂದು ಕಾರಣವೂ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಈ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1035 ಮೆಗಾವ್ಯಾಟ್ ಕರೆಂಟ್ ತೆಗೆಯಬಹುದು. ಆದರೆ ಮುಳುಗಡೆಯಾಗಿ ಹಿನ್ನೀರಿನ ಆಚೆ ಉಳಿದವರ ಎಷ್ಟೋ ಮನೆಗಳಲ್ಲಿ ಮಕ್ಕಳು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಓದಿದರು. ಭಾವನ ಅಜ್ಜನ ಮನೆ, ಗದ್ದೆ ಎಲ್ಲ ಈ ನೀರಿನ ಅಡಿಯಲ್ಲಿದೆ. ಅದೇ ನೀರಿನ ಕರೆಂಟಲ್ಲಿ ಅದೇ ನೀರಿನ ಮೇಲೆ ಸದ್ದಿಲ್ಲದೆ ಹೋಗುವುದು ನಮ್ಮ ಮನೆಯವರಿಗೆ ದೊಡ್ಡ ವಿಷಯ.

ಒಂದು ಮಾತು ಮೊದಲೇ ಹೇಳುತ್ತೇನೆ. ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಜನ, ಸಾಮಾನು ಸಾಗಿಸುವ ದೋಣಿಗೆ ಈ ಬದಲಾವಣೆ ಸುಲಭವಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರು ಕಡೆ ಹೋಗಲು ನೀರು ದಾಟಲೇಬೇಕು ಅಂತಿಲ್ಲ. ನಮ್ಮ ದೋಣಿ ರಜೆಯ ದಿನ ಹಾಯಿ ಬಿಚ್ಚಿ ತಿರುಗಲಿಕ್ಕೆ ಇರುವುದು. ಮೋಟರ್ ಬೇಕಾಗುವುದು ದಡ ಬಿಡುವಾಗ, ದಡ ಸೇರುವಾಗ, ಗಾಳಿ ಬಿದ್ದಾಗ. ನಿಮ್ಮದೂ ಹಾಗೇ ಇದ್ದರೆ ಮುಂದೆ ಓದಿ.

ಮೋಟರ್ ಹುಡುಕುವ ಮೊದಲು ಅಳತೆ

ಎಲ್ಲರೂ ಕೇಳುವ ಮೊದಲ ಪ್ರಶ್ನೆ, "10 ಎಚ್‌ಪಿ ಡೀಸೆಲ್ ತೆಗೆದರೆ ಎಷ್ಟು ಕಿಲೋವ್ಯಾಟ್ ಮೋಟರ್ ಹಾಕಬೇಕು?" 1 ಎಚ್‌ಪಿ ಅಂದರೆ 746 ವ್ಯಾಟ್. ಲೆಕ್ಕ ಹಾಕಿದರೆ ಏಳೂವರೆ ಕಿಲೋವ್ಯಾಟ್ ಬರುತ್ತದೆ. ಆ ದಾರಿ ಹಿಡಿದರೆ ಸುಮ್ನೆ ದುಡ್ಡು ಹಾಳು. ಡೀಸೆಲ್ ಎಂಜಿನ್ ಎಷ್ಟು ಕೊಡಬಲ್ಲದು ಅನ್ನುವುದು ಬೇಡ, ದೋಣಿ ಎಷ್ಟು ಕೇಳುತ್ತದೆ ಅನ್ನುವುದು ಬೇಕು.

ಅದಕ್ಕೆ ನಾವು ಬಳಸಿದ್ದು ಅಡಿಕೆ ಮೂಟೆ ತೂಗುವ ಕೊಕ್ಕೆ ತಕ್ಕಡಿ. ಪರಿಚಯದ ಮೀನುಗಾರರೊಬ್ಬರ ಮೋಟರ್ ದೋಣಿಗೆ ನಮ್ಮ ದೋಣಿಯನ್ನು ಮೂವತ್ತು ಮೀಟರ್ ಹಗ್ಗದಲ್ಲಿ ಕಟ್ಟಿದೆವು. ಹಗ್ಗ ಗಿಡ್ಡ ಇದ್ದರೆ ಮುಂದಿನ ದೋಣಿಯ ಫ್ಯಾನ್ ತಳ್ಳಿದ ನೀರು ನಮ್ಮ ದೋಣಿಗೆ ಬಡಿದು ಲೆಕ್ಕ ತಪ್ಪುತ್ತದೆ. ಹಗ್ಗ ನಮ್ಮ ದೋಣಿಯ ಮೂತಿಗೆ ಸೇರುವ ಕಡೆ ತಕ್ಕಡಿ ಸಿಕ್ಕಿಸಿದೆವು. ಗಾಳಿ ಇಲ್ಲದ ಬೆಳಗ್ಗೆ, ಹಾಯಿ ಇಳಿಸಿ, ಮೊಬೈಲಿನಲ್ಲಿ ವೇಗ ನೋಡುತ್ತಾ ಎಳೆಸಿಕೊಂಡೆವು. ಭಾವ ಮೂತಿಯಲ್ಲಿ ಬೋರಲು ಮಲಗಿ ತಕ್ಕಡಿಯ ಅಂಕಿ ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಗಂಟೆಗೆ 5.5 ಕಿಲೋಮೀಟರ್ ವೇಗಕ್ಕೆ ಸುಮಾರು 22 ಕೆಜಿ ಎಳೆತ. 7.4ಕ್ಕೆ 39. 9.3ಕ್ಕೆ 61.

ಲೆಕ್ಕ ಹೀಗೆ. ಕೆಜಿಯನ್ನು 9.8ರಿಂದ ಗುಣಿಸಿ. ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ಮಾಡಿಕೊಳ್ಳಿ, ಅಂದರೆ ಕಿಲೋಮೀಟರಿನ ಅಂಕಿಯನ್ನು 3.6ರಿಂದ ಭಾಗಿಸಿ. ಎರಡನ್ನೂ ಗುಣಿಸಿದರೆ ವ್ಯಾಟ್. 5.5 ಕಿಲೋಮೀಟರ್ ವೇಗಕ್ಕೆ ನಮಗೆ ಬಂದದ್ದು 330 ವ್ಯಾಟ್. ಆದರೆ ಇಂಥ ಚಿಕ್ಕ ದೋಣಿಯ ಪ್ರೊಪೆಲ್ಲರ್ (ನೀರು ತಳ್ಳುವ ಫ್ಯಾನ್) ತನಗೆ ಸಿಕ್ಕ ಶಕ್ತಿಯಲ್ಲಿ ಅರ್ಧದಷ್ಟನ್ನೇ ತಳ್ಳಾಟಕ್ಕೆ ತಿರುಗಿಸುತ್ತದೆ. ಮೋಟರ್, ಬೆಲ್ಟ್, ವೈರ್‌ಗಳಲ್ಲೂ ಸ್ವಲ್ಪ ಸೋರುತ್ತದೆ. ಹಾಗಾಗಿ 2.4ರಿಂದ ಗುಣಿಸಿ. ಬ್ಯಾಟರಿಯಿಂದ ಹೊರಡಬೇಕಾದದ್ದು ಸುಮಾರು 800 ವ್ಯಾಟ್ ಆಯಿತು. ಮನೆಯ ಇಸ್ತ್ರಿ ಪೆಟ್ಟಿಗೆ ತಿನ್ನುವಷ್ಟು! 7.4 ಕಿಲೋಮೀಟರ್ ವೇಗಕ್ಕೆ 1.9 ಕಿಲೋವ್ಯಾಟ್, 9.3ಕ್ಕೆ 3.7 ಕಿಲೋವ್ಯಾಟ್.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ವೇಗ ಎರಡು ಪಟ್ಟೂ ಆಗಿಲ್ಲ, ಶಕ್ತಿ ನಾಲ್ಕೂವರೆ ಪಟ್ಟು ಆಗಿದೆ. ನೀರಿನಲ್ಲಿ ಶಕ್ತಿ ಹೆಚ್ಚುಕಮ್ಮಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಅರ್ಧಕ್ಕೆ ಇಳಿಸಿದರೆ ಎಂಟರಲ್ಲಿ ಒಂದು ಪಾಲು ಸಾಕು. ಮೇಲಕ್ಕೆ ಒಂದು ಮಿತಿಯೂ ಇದೆ. ದೋಣಿ ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಅಷ್ಟು ನಾಟ್ ದಾಟಿದ ಮೇಲೆ ದೋಣಿ ತನ್ನದೇ ಅಲೆಯನ್ನು ಹತ್ತಲು ಹೋಗಿ ಶಕ್ತಿ ಎಲ್ಲ ಅಲ್ಲೇ ಮುಗಿಯುತ್ತದೆ. ನಮ್ಮದು 19 ಅಡಿ, 5.8 ನಾಟ್. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಅಂದರೆ ಹತ್ತೂಮುಕ್ಕಾಲು ಕಿಲೋಮೀಟರಿಗೆ ಮುಗಿಯಿತು. 10 ಎಚ್‌ಪಿಯಲ್ಲಿ ಅರ್ಧದಷ್ಟನ್ನು ನಾವು ಇಷ್ಟು ದಿನ ಸುಮ್ಮನೆ ಹೊತ್ತು ತಿರುಗಿದ್ದೆವು.

ಇನ್ನೊಂದು ಅಳತೆ ಸಮಯದ್ದು. ಒಂದು ತಿಂಗಳು ಎಂಜಿನ್ ಹಾಕಿದ ಹೊತ್ತು, ನಿಲ್ಲಿಸಿದ ಹೊತ್ತು ಬರೆದಿಡಿ. ನಮ್ಮದು ದಿನಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬಂತು, ಅದೂ ಬಹುಪಾಲು ನಿಧಾನದ ಓಟ.

ಬ್ಯಾಟರಿ: ಎಷ್ಟು, ಎಂಥದ್ದು

ಕಿಲೋವ್ಯಾಟ್ ಅವರ್ ಅಂದರೆ ಮೆಸ್ಕಾಂ ಬಿಲ್ಲಿನಲ್ಲಿ ಇರುವ ಯೂನಿಟ್ಟೇ. ಎಲ್ಲವನ್ನೂ ಯೂನಿಟ್‌ನಲ್ಲೇ ಲೆಕ್ಕ ಹಾಕಿ, ಸಲೀಸು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಚಿಕ್ಕ ಎಂಜಿನ್ ಅದರಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂವತ್ತು ಪರ್ಸೆಂಟ್ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ ಕೊಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಾವು ಹಾಕಿರುವ ಬ್ಯಾಟರಿ ಒಟ್ಟು 5.12 ಯೂನಿಟ್. ಅಂದರೆ ಹೆಚ್ಚೆಂದರೆ ಎರಡು ಲೀಟರ್ ಡೀಸೆಲ್‌ಗೆ ಸಮ. ಇದನ್ನು ಮನಸ್ಸಿಗೆ ತಂದುಕೊಂಡೇ ಮುಂದುವರಿಯಿರಿ. ಇಪ್ಪತ್ತು ಲೀಟರ್ ಟ್ಯಾಂಕಿನ ಧೈರ್ಯ ಬ್ಯಾಟರಿಯಲ್ಲಿ ಸಿಗುವುದಿಲ್ಲ. ಆದರೆ ಗಂಟೆಗೆ 0.8 ಯೂನಿಟ್ ಖರ್ಚಿನಲ್ಲಿ ಹೋದರೆ ಅದೇ ಬ್ಯಾಟರಿ ಐದು ಗಂಟೆ ಬರುತ್ತದೆ, 28 ಕಿಲೋಮೀಟರ್ ಆಗುತ್ತದೆ. 7.4ರ ವೇಗದಲ್ಲಿ 16 ಕಿಲೋಮೀಟರ್. ಪೂರ್ತಿ ಒತ್ತಿದರೆ 10. ಇದೆಲ್ಲ ಬ್ಯಾಟರಿಯ 80 ಪರ್ಸೆಂಟ್ ಮಾತ್ರ ಬಳಸುವ ಲೆಕ್ಕ. ಕೊನೆಯ ಇಪ್ಪತ್ತನ್ನು ಇಲ್ಲ ಅಂತಲೇ ಅಂದುಕೊಳ್ಳಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ತಗೊಳ್ಳಿ. ಲಿಥಿಯಂನಲ್ಲೇ ಬೇರೆ ಜಾತಿಗಳಿವೆ, ತೂಕ ಇನ್ನೂ ಕಮ್ಮಿ. ಆದರೆ ಬೆಂಕಿಯ ವಿಷಯದಲ್ಲಿ ಇದು ಹೆಚ್ಚು ತಾಳ್ಮೆಯದು. ನೀರಿನ ನಡುವೆ ಬೆಂಕಿ ಬಿದ್ದರೆ ಓಡಲು ಜಾಗವಿಲ್ಲ. ಇನ್ವರ್ಟರಿನ ಲೆಡ್ ಆಸಿಡ್ ಬ್ಯಾಟರಿ ಅಗ್ಗ ಹೌದು. ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬಾಳಿಕೆ ಬರುವುದಿಲ್ಲ, ತೂಕ ಕೆಲವು ಪಟ್ಟು ಹೆಚ್ಚು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮುಚ್ಚಿದ ದೋಣಿಯ ಹೊಟ್ಟೆಯಲ್ಲಿ ಅದು ಬೇಡ.

ವೋಲ್ಟೇಜ್ 48ರ ಸಾಲಿನದು ಇರಲಿ. 3.2 ವೋಲ್ಟಿನ 16 ಸೆಲ್ ಸಾಲಾಗಿ ಜೋಡಿಸಿದರೆ 51.2. ಪೂರ್ತಿ ತುಂಬಿದಾಗ 58.4. ಅರವತ್ತರ ಒಳಗೆ ಇರುವುದರಿಂದ ಶಾಕ್ ಭಯ ಕಮ್ಮಿ. ಇ-ರಿಕ್ಷಾಗಳಿಂದಾಗಿ ಈ ವೋಲ್ಟೇಜಿನ ಮೋಟರ್, ಅದರ ವೇಗ ಹತೋಟಿಯಲ್ಲಿಡುವ ಕಂಟ್ರೋಲರ್, ಚಾರ್ಜರ್ ಎಲ್ಲ ಶಿವಮೊಗ್ಗದಲ್ಲೇ ಸಿಗುತ್ತವೆ.

ಹಿನ್ನೀರಿನ ದೋಣಿಗಳ ವಿಷಯದಲ್ಲಿ ಹೊರಗಿನವರು ಯಾರೂ ಹೇಳದ ತೊಂದರೆಯೊಂದಿದೆ. ಇಲ್ಲಿ ದಡ ನಿಂತಲ್ಲಿ ನಿಲ್ಲುವುದಿಲ್ಲ. ಜಲಾಶಯ ತುಂಬಿದಾಗ ಮಟ್ಟ ಸಮುದ್ರಕ್ಕಿಂತ 1819 ಅಡಿ. ನವೆಂಬರಿನಲ್ಲಿ ಮನೆಯ ಹಿತ್ತಲ ಹತ್ತಿರ ಕಟ್ಟಿದ ದೋಣಿ ಏಪ್ರಿಲ್ ಹೊತ್ತಿಗೆ ಎರಡು ಮೂರು ಫರ್ಲಾಂಗ್ ಆಚೆ, ಒಣಗಿ ಬಿರಿದ ಕೆಸರಿನ ಆ ಕಡೆ ಇರುತ್ತದೆ. ನೀರು ಇನ್ನೂ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟೇ ಮೇಲೆ ಬರುತ್ತದೆ. ಡೀಸೆಲ್ ಆದರೆ ಕ್ಯಾನಿನಲ್ಲಿ ಹೊತ್ತೊಯ್ಯಬಹುದಿತ್ತು. ವೈರ್ ಎಳೆಯುವುದು ಹೇಗೆ? ಅದಕ್ಕೇ ನಾವು 100 ಎಎಚ್‌ನ (ಆಂಪ್ ಅವರ್, ಎಷ್ಟು ಆಂಪ್ ಎಷ್ಟು ಗಂಟೆ ಕೊಡುತ್ತದೆ ಅನ್ನುವ ಅಳತೆ) ಒಂದು ದೊಡ್ಡ ಪೆಟ್ಟಿಗೆ ಬಿಟ್ಟು 50 ಎಎಚ್‌ನ ಎರಡು ತಗೊಂಡೆವು. ಒಂದೊಂದು ಸುಮಾರು 25 ಕೆಜಿ. ಹೆಗಲ ಮೇಲೆ ಹೊತ್ತು ಮನೆಗೆ ತಂದು ಜಗಲಿಯಲ್ಲಿ ಚಾರ್ಜ್ ಮಾಡಬಹುದು.

ಎರಡು ಪೆಟ್ಟಿಗೆ ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸುವಾಗ ಎರಡೂ ಪೂರ್ತಿ ಚಾರ್ಜ್ ಆಗಿ ಒಂದೇ ವೋಲ್ಟೇಜಿನಲ್ಲಿ ಇರಬೇಕು. ಇಲ್ಲದಿದ್ದರೆ ತುಂಬಿದ್ದು ಖಾಲಿ ಇದ್ದದ್ದಕ್ಕೆ ಒಂದೇ ಸಮ ಕರೆಂಟ್ ನುಗ್ಗಿಸುತ್ತದೆ. ನಮ್ಮ ಒಂದು ಪೆಟ್ಟಿಗೆಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ, ಮಿತಿ ಮೀರಿದರೆ ಕಟ್ ಮಾಡುವ ಸರ್ಕ್ಯೂಟ್) ತಡೆದುಕೊಳ್ಳುವುದು 50 ಆಂಪ್. ಪೂರ್ತಿ ವೇಗದಲ್ಲಿ ಮೋಟರ್ ಕೇಳುವುದು 72. ದಾರಿಯಲ್ಲಿ ಒಂದು ಪೆಟ್ಟಿಗೆ ಕೈಕೊಟ್ಟರೆ ಇನ್ನೊಂದೂ ಕಟ್ ಆಗುತ್ತದೆ. ಆಗ ಸರಿ ಇರುವ ಪೆಟ್ಟಿಗೆಯನ್ನು ಮತ್ತೆ ಆನ್ ಮಾಡಿ, 40 ಆಂಪ್ ಒಳಗೆ ನಿಧಾನವಾಗಿ ಬರಬೇಕು. ಈ ಅಂಕಿಯನ್ನು ಬರೆದು ಚುಕ್ಕಾಣಿಯ ಹತ್ತಿರ ಅಂಟಿಸಿದ್ದೇವೆ.

ಕೊಂಡ ಬ್ಯಾಟರಿಯನ್ನು ಪರೀಕ್ಷೆ ಮಾಡದೆ ದೋಣಿಗೆ ಇಡಬೇಡಿ. ನಮಗೆ ಬಂದ ಎರಡರಲ್ಲಿ ಒಂದು ಪೆಟ್ಟಿಗೆ 50 ಎಎಚ್ ಅಂತ ಹೇಳಿಕೊಂಡು 36 ಮಾತ್ರ ಕೊಟ್ಟಿತು. ಮಾರಿದವರು ಬದಲಿಸಿ ಕೊಟ್ಟರು, ಆದರೆ ನಾವು ಅಳೆದಿದ್ದಕ್ಕೆ. ಅಳೆಯುವುದು ಸುಲಭ. ಪೂರ್ತಿ ಚಾರ್ಜ್ ಮಾಡಿ, 48 ವೋಲ್ಟ್ ಇನ್ವರ್ಟರಿಗೆ ಜೋಡಿಸಿ, ಬಕೆಟ್ ನೀರಿಗೆ 1000 ವ್ಯಾಟಿನ ಹೀಟರ್ ಕಾಯಿಲ್ ಇಳಿಸಿ. ನಡುವೆ ಆಂಪ್ ಅವರ್ ಎಣಿಸುವ ಮೀಟರ್ ಇರಲಿ. ಬಿಎಂಎಸ್ ಕಟ್ ಆಗುವವರೆಗೆ ಎಷ್ಟು ಎಣಿಸಿತು ನೋಡಿ. ಆ ಮೀಟರನ್ನೇ ಆಮೇಲೆ ದೋಣಿಗೆ ಹಾಕಿಕೊಳ್ಳಬಹುದು. ಬ್ಯಾಟರಿಯ ಮಟ್ಟ ವೋಲ್ಟೇಜ್ ನೋಡಿ ಗೊತ್ತಾಗುವುದಿಲ್ಲ. ಈ ಜಾತಿಯ ಸೆಲ್ ಮುಕ್ಕಾಲುಪಾಲು ಖಾಲಿಯಾಗುವವರೆಗೂ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ತೋರಿಸಿ, ಆಮೇಲೆ ದಡಕ್ಕನೆ ಬೀಳುತ್ತದೆ.

ಎಂಜಿನ್ ಇಳಿಸುವುದು

ದೋಣಿಯನ್ನು ದಡಕ್ಕೆ ಎಳೆದು, ಅಕೇಶಿಯಾದ ಮೂರು ಗಟ್ಟಿ ಕಂಬ ನೆಟ್ಟು ಮೇಲೆ ಕಟ್ಟಿ, ಚೈನ್ ಬ್ಲಾಕ್ ತೂಗುಬಿಟ್ಟೆವು. ಗೇರ್‌ಬಾಕ್ಸ್ ಸೇರಿ ಎಂಜಿನ್ ನೂರು ಕೆಜಿ ದಾಟಿತ್ತು. ಮೊದಲು ಡೀಸೆಲ್, ಎಂಜಿನ್ ಆಯಿಲ್ ಎಲ್ಲ ಡಬ್ಬಕ್ಕೆ ಬಸಿದುಕೊಳ್ಳಿ. ಒಂದು ತೊಟ್ಟೂ ನೆಲಕ್ಕೆ, ನೀರಿಗೆ ಬೀಳಬಾರದು. ಎತ್ತಿದ ಎಂಜಿನನ್ನು ದೋಣಿಯ ಅಂಚಿನಿಂದ ಕೆಳಗೆ ಜಾರಿಸಲು ಅಡಿಕೆ ದಬ್ಬೆ ಹಾಸಿ, ಮೇಲೆ ಸೋಪಿನ ನೀರು ಹೊಯ್ದೆವು. ಫೈಬರಿಗೆ ಒಂದು ಗೀರೂ ಬೀಳಲಿಲ್ಲ.

ಎಂಜಿನ್ ಹೋದ ಮೇಲೆ ಉಳಿಯುವ ತೂತುಗಳನ್ನು ಮರೆಯಬೇಡಿ. ತಂಪಿಗೆ ನೀರು ಎಳೆಯುತ್ತಿದ್ದ ತೂತು, ಹೊಗೆ ಹೋಗುತ್ತಿದ್ದ ತೂತು, ಎರಡೂ ನೀರಿನ ಮಟ್ಟದ ಹತ್ತಿರವೇ ಇರುತ್ತವೆ. ಬರೀ ವಾಲ್ವ್ ಮುಚ್ಚಿದರೆ ಸಾಲದು. ಒಳಗಿಂದಲೂ ಹೊರಗಿಂದಲೂ ಉಜ್ಜಿ ಫೈಬರ್ ಹಾಕಿ ಮುಚ್ಚಿ. ಆಮೇಲೆ ಹೊಟ್ಟೆಯನ್ನು ಸೋಪು ಹಾಕಿ ತಿಕ್ಕಿ. ನಮಗೆ ಎರಡು ದಿನ ಹಿಡಿಯಿತು, ಆ ಕೊಳಕು ನೀರನ್ನೂ ಹಿನ್ನೀರಿಗೆ ಬಿಡಲಿಲ್ಲ.

ಮೋಟರ್, ಪುಲ್ಲಿ, ಮತ್ತು ಶಾಫ್ಟ್ ಒತ್ತುವ ಒತ್ತಡ

ಹಳೆಯ ಪ್ರೊಪೆಲ್ಲರನ್ನೇ ಉಳಿಸಿಕೊಂಡೆವು. ಡೀಸೆಲ್ ನಿಮಿಷಕ್ಕೆ 3000 ಸುತ್ತಿನಲ್ಲಿ ಇದ್ದಾಗ ಗೇರ್‌ಬಾಕ್ಸ್ ಅದನ್ನು ಅರ್ಧ ಮಾಡಿ ಪ್ರೊಪೆಲ್ಲರಿಗೆ 1500 ಕೊಡುತ್ತಿತ್ತು. ಪ್ರೊಪೆಲ್ಲರಿನ ಶಕ್ತಿಯೂ ಸುತ್ತಿನ ಘನದ ಲೆಕ್ಕವೇ. ಏಳೂವರೆ ಕಿಲೋವ್ಯಾಟಿಗೆ 1500 ಆದರೆ, 3.7 ಕಿಲೋವ್ಯಾಟಿಗೆ ಸುಮಾರು 1190 ಸುತ್ತು. ನಾವು ತಂದ ಮೋಟರ್ 4 ಕಿಲೋವ್ಯಾಟಿನ ಬ್ರಷ್ ಇಲ್ಲದ ಮೋಟರ್, 3000 ಸುತ್ತಿನದು. ಎರಡೂವರೆ ಪಟ್ಟು ಇಳಿಸಬೇಕು. ಮೋಟರಿಗೆ 24 ಹಲ್ಲಿನ ಪುಲ್ಲಿ, ಶಾಫ್ಟಿಗೆ 60 ಹಲ್ಲಿನದು, ನಡುವೆ ಹಲ್ಲಿನ ಬೆಲ್ಟ್. ಅಕ್ಕಿ ಗಿರಣಿಯ ವಿ ಬೆಲ್ಟ್ ಕೂಡ ನಡೆಯುತ್ತದೆ, ಆದರೆ ಒದ್ದೆಯಾದರೆ ಜಾರುತ್ತದೆ.

ಮೋಟರ್ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಇದು ಗಂಟೆಗಟ್ಟಲೆ ಎಷ್ಟು ಕೊಡುತ್ತದೆ? ರಸ್ತೆಯ ಗಾಡಿಗೆ ಏರು ಇದೆ, ಇಳಿಜಾರು ಇದೆ, ಸಿಗ್ನಲ್ ಇದೆ. ಮೋಟರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನೀರಿನಲ್ಲಿ ಇಳಿಜಾರು ಇಲ್ಲ. ಕೊಟ್ಟ ಭಾರವನ್ನು ಒಂದೇ ಸಮ ಎಳೆಯುತ್ತಲೇ ಇರಬೇಕು. ಡಬ್ಬದ ಮೇಲೆ ಬರೆದ ಪೀಕ್ ಅಂಕಿಗೆ ಇಲ್ಲಿ ಬೆಲೆ ಇಲ್ಲ.

ಈಗ ಬರುವುದು ಇಡೀ ಕೆಲಸದ ಮುಖ್ಯ ಜಾಗ. ಮೊದಲ ಸಲ ನಾವು ಶಾಫ್ಟನ್ನು ಎರಡು ಸಾದಾ ಬೇರಿಂಗಿನಲ್ಲಿ ಕೂರಿಸಿ ಓಡಿಸಿಬಿಟ್ಟೆವು. ಮೂರು ವಾರಕ್ಕೆ ಬೇರಿಂಗ್ ಕಿರುಗುಟ್ಟಲು ಶುರುವಾಯಿತು. ಬಿಚ್ಚಿ ಸಾಗರದ ಲೇತ್ ಅಂಗಡಿಗೆ ಒಯ್ದೆವು. ಅವರು ಶಾಫ್ಟ್ ಹಿಡಿದು ಉದ್ದುದ್ದಕ್ಕೆ ಎಳೆದು, ಒತ್ತಿ ನೋಡಿದರು. ಟಕ್ ಟಕ್ ಅಂತ ಆಡುತ್ತಿತ್ತು.

"ಇದು ಪಂಪ್‌ಸೆಟ್ ಅಲ್ಲ ಮಾರಾಯ್ರೆ. ಶಾಫ್ಟ್ ದೋಣಿನ ಮುಂದಕ್ಕೆ ತಳ್ಳುತ್ತಲ್ಲ, ಆ ಒತ್ತು ಎಲ್ಲಿ ಹೋಗ್ತದೆ? ಯಾರು ಹಿಡೀತಾರೆ?"

ಅದೇ ವಿಷಯ. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದಾಗ ಶಾಫ್ಟ್ ದೋಣಿಯನ್ನು ಮುಂದಕ್ಕೆ ಒತ್ತುತ್ತದೆ. ತಕ್ಕಡಿಯಲ್ಲಿ ನೋಡಿದ ಆ 61 ಕೆಜಿ ಪೂರ್ತಿ ಶಾಫ್ಟಿನ ತುದಿಯಿಂದಲೇ ದೋಣಿಗೆ ಸೇರಬೇಕು. ಡೀಸೆಲ್ ಇದ್ದಾಗ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಅದನ್ನು ಹಿಡಿಯುತ್ತಿತ್ತು. ಗೇರ್‌ಬಾಕ್ಸ್ ಕಿತ್ತಾಗ ನಾವು ಅದನ್ನೂ ಕಿತ್ತು ಹಾಕಿದ್ದೆವು. ಲೇತಿನವರು ಗಾಡಿಯ ಚಕ್ರಕ್ಕೆ ಹಾಕುವಂಥ ಎರಡು ಟೇಪರ್ ರೋಲರ್ ಬೇರಿಂಗನ್ನು ಬೆನ್ನಿಗೆ ಬೆನ್ನು ಕೊಟ್ಟು ಒಂದು ಗೂಡಿನಲ್ಲಿ ಕೂರಿಸಿದರು. ಒಂದು ಮುಂದಿನ ಒತ್ತಿಗೆ, ಇನ್ನೊಂದು ರಿವರ್ಸ್ ಹೋಗುವಾಗಿನ ಒತ್ತಿಗೆ. ಆ ಗೂಡನ್ನು ಎಂಜಿನ್ ಕೂತಿದ್ದ ಹಳೆಯ ಹಾಸಿಗೆಗೇ ಬೋಲ್ಟ್ ಮಾಡಿದೆವು. ಅದು ದೋಣಿಯ ಅತಿ ಗಟ್ಟಿ ಜಾಗ.

ಶಾಫ್ಟ್ ಜೋಡಣೆ ನೇರ ಇರಬೇಕು. ಶಾಫ್ಟಿನ ತುಂಡುಗಳನ್ನು ಸೇರಿಸುವ ಕಪ್ಲಿಂಗಿನ ಎರಡು ಮುಖದ ನಡುವೆ ಮೇಲೆ, ಕೆಳಗೆ, ಎಡ, ಬಲ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ನಾಲ್ಕು ಇಂಚಿನ ಕಪ್ಲಿಂಗಿಗೆ ವ್ಯತ್ಯಾಸ 0.1 ಮಿಲಿಮೀಟರ್ ದಾಟಬಾರದು. ದಡದಲ್ಲಿ ಒಮ್ಮೆ ಮಾಡಿ, ದೋಣಿ ನೀರಿಗಿಳಿದ ಮರುದಿನ ಇನ್ನೊಮ್ಮೆ ಮಾಡಿ. ನೀರಿನಲ್ಲಿ ದೋಣಿಯ ಮೈ ಸ್ವಲ್ಪ ಬಾಗುತ್ತದೆ. ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ಒಳಗೆ ಬರದಂತೆ ತಡೆಯುವ ಗ್ಲ್ಯಾಂಡ್ ಪಂಪ್‌ಸೆಟ್ಟಿನ ಗ್ಲ್ಯಾಂಡಿನ ಹಾಗೇ. ಹಗ್ಗ ಹೊಸದು ಹಾಕಿ, ಓಡುವಾಗ ಆಗೊಂದು ಈಗೊಂದು ಹನಿ ಬೀಳುವಷ್ಟು ಮಾತ್ರ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಶಾಫ್ಟ್ ಸವೆಯುತ್ತದೆ, ಬ್ಯಾಟರಿಯೂ ಸುಮ್ಮನೆ ಖಾಲಿ. ಶಾಫ್ಟಿಗೆ ಕಟ್ಟುವ ಆನೋಡ್ (ಶಾಫ್ಟಿನ ಬದಲು ತಾನು ಸವೆಯುವ ಲೋಹದ ತುಂಡು) ಸಮುದ್ರದ ದೋಣಿಯಲ್ಲಿ ಸತುವಿನದು ಇರುತ್ತದೆ. ಸಿಹಿನೀರಿಗೆ ಮೆಗ್ನೀಸಿಯಂನದು ಹಾಕಿ.

ವೈರಿಂಗ್

ಉಂಗುರ, ವಾಚು ತೆಗೆದಿಟ್ಟು ಕೆಲಸಕ್ಕೆ ಕೂರಿ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. 51 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೆ ಅಡ್ಡ ಬಿದ್ದರೆ ಕಬ್ಬಿಣ ಕರಗುತ್ತದೆ.

ಮುಖ್ಯ ವೈರ್ 35 ಚದರ ಮಿಲಿಮೀಟರಿನ ತಾಮ್ರ, ತವರದ ಲೇಪ ಇದ್ದರೆ ಒಳ್ಳೆಯದು. ಹೋಗಿಬರುವ ಆರು ಮೀಟರಿಗೆ 100 ಆಂಪ್ ಹರಿದರೂ ವೋಲ್ಟೇಜ್ ಇಳಿಯುವುದು 0.3 ಅಷ್ಟೇ. ಪ್ರತಿ ಪೆಟ್ಟಿಗೆಯ ಬಾಯಲ್ಲೇ 63 ಆಂಪ್ ಫ್ಯೂಸ್, ಎರಡೂ ಸೇರಿದ ಮೇಲೆ 125ರ ಒಂದು. ಫ್ಯೂಸ್ ಬ್ಯಾಟರಿಯ ಹತ್ತಿರ ಇದ್ದಷ್ಟೂ ಒಳ್ಳೆಯದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲು ಇರುವುದಿಲ್ಲ.

ಮನೆಯ ಎಂಸಿಬಿ ತಂದು ಇಲ್ಲಿ ಹಾಕಬೇಡಿ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟ್ ಸೊನ್ನೆಗೆ ಬರುವುದೇ ಇಲ್ಲ. ಸ್ವಿಚ್ಚಿನೊಳಗೆ ಬೆಂಕಿ ಹಿಡಿದುಕೊಂಡೇ ಇರುತ್ತದೆ. ಡಿಸಿಗೆ ಅಂತ ಬರೆದಿರುವ ಸ್ವಿಚ್ಚನ್ನೇ ಹಾಕಿ.

ಕಂಟ್ರೋಲರಿನ ಒಳಗೆ ದೊಡ್ಡ ಕೆಪಾಸಿಟರ್‌ಗಳಿವೆ. ಮುಖ್ಯ ಸ್ವಿಚ್ ಒಮ್ಮೆಲೇ ಒತ್ತಿದರೆ ಅವು ಒಂದೇ ಗುಟುಕಿಗೆ ಕರೆಂಟ್ ಕುಡಿಯುತ್ತವೆ, ಚಟ್ ಅಂತ ಕಿಡಿ ಹಾರಿ ಸ್ವಿಚ್ಚಿನ ಮುಖ ಸುಡುತ್ತದೆ. ಪಕ್ಕದಲ್ಲಿ ಒಂದು ಬಟನ್, ಅದಕ್ಕೆ 100 ಓಮ್, 25 ವ್ಯಾಟಿನ ರೆಸಿಸ್ಟರ್ ಇಡಿ. ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಮುಖ್ಯ ಸ್ವಿಚ್ ಹಾಕಿ.

ಹೊಟ್ಟೆಯ ನೀರು ತೆಗೆಯುವ ಪಂಪಿಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಇರಲಿ. ದೊಡ್ಡ ಬ್ಯಾಟರಿಯಿಂದ ಕನ್ವರ್ಟರ್ ಮೂಲಕ ಅದು ಚಾರ್ಜ್ ಆಗಲಿ, ಆದರೆ ಪಂಪ್ ನೇರ ಅದಕ್ಕೇ ಜೋಡಣೆಯಾಗಿರಲಿ. ಬಿಎಂಎಸ್ ಕಟ್ ಆದ ಹೊತ್ತಿಗೇ ನೀರು ಒಳಗೆ ಬಂದರೆ ಪಂಪ್ ಓಡಬೇಕು ಅಲ್ವಾ?

ಕೊನೆಯದು, ತುರ್ತಾಗಿ ನಿಲ್ಲಿಸುವ ದಾರ. ಚುಕ್ಕಾಣಿ ಹಿಡಿದವರ ಕೈಗೆ ಕಟ್ಟಿರಬೇಕು. ಡೀಸೆಲ್ ಆನ್ ಇದ್ದರೆ ಕಿವಿಗೆ ಕೇಳುತ್ತದೆ. ಇದು ಆನ್ ಇದೆಯೋ ಆಫ್ ಇದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳು ಈಜಲು ಇಳಿಯುವ ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಳ್ಳುವುದು ನಮ್ಮ ದೋಣಿಯಲ್ಲಿ ಕಡ್ಡಾಯ.

ಚಾರ್ಜಿಂಗ್

10 ಆಂಪ್ ಚಾರ್ಜರಿನಲ್ಲಿ ಒಂದು ಪೆಟ್ಟಿಗೆಗೆ ಐದು ಗಂಟೆ. ಅಡಿಕೆ ಸುಗ್ಗಿಯಲ್ಲಿ ಸಂಜೆ ಹೊತ್ತು ಊರೆಲ್ಲ ಸುಲಿಯುವ ಮೆಷಿನ್ ಓಡುತ್ತದೆ, ವೋಲ್ಟೇಜ್ ಬೀಳುತ್ತದೆ. ಕಡಿಮೆ ವೋಲ್ಟೇಜಿನಲ್ಲೂ ನಡೆಯುವ ಚಾರ್ಜರ್ ನೋಡಿ ತಗೊಳ್ಳಿ. ಸಿಮೆಂಟ್ ನೆಲದ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿ ಚಾರ್ಜ್ ಮಾಡಿ. ಅಟ್ಟದಲ್ಲಿ, ಅಡಿಕೆ ಚೀಲದ ಪಕ್ಕದಲ್ಲಿ ಬೇಡ.

ದೋಣಿಯ ಮೇಲೆ 200 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್ ಸಾಲಾಗಿ ಜೋಡಿಸಿದ್ದೇವೆ. ಎರಡೂ ಸೇರಿದ ವೋಲ್ಟೇಜ್ 58ಕ್ಕಿಂತ ಸಾಕಷ್ಟು ಮೇಲಿರಬೇಕು, ಇಲ್ಲದಿದ್ದರೆ ಸಾದಾ ಸೋಲಾರ್ ಚಾರ್ಜರ್ ಕೆಲಸ ಮಾಡುವುದಿಲ್ಲ. ಜನವರಿಯಿಂದ ಏಪ್ರಿಲ್ ತನಕ ದಿನಕ್ಕೆ ಒಂದೂವರೆ ಯೂನಿಟ್ ಬರುತ್ತದೆ. ವಾರಕ್ಕೊಮ್ಮೆ ಹೋಗುವವರಿಗೆ ಅದೇ ಸಾಕು. ಹಾಯಿಕಂಬದ ನೆರಳು ಒಂದು ಪ್ಯಾನೆಲಿನ ಮೇಲೆ ಬಿದ್ದರೂ ಎರಡೂ ಸೊರಗುತ್ತವೆ. ದೋಣಿ ಕಟ್ಟುವಾಗ ದಿಕ್ಕು ನೋಡಿ ಕಟ್ಟಿ. ಹಾಯಿಯಲ್ಲಿ ಓಡುವಾಗ ಪ್ರೊಪೆಲ್ಲರ್ ತಿರುಗಿ ಬ್ಯಾಟರಿ ತುಂಬುತ್ತದೆ ಅನ್ನುವ ಮಾತು ದೊಡ್ಡ ದೋಣಿ, ಸಮುದ್ರದ ಗಾಳಿಗೆ ಸರಿ. ಇಲ್ಲಿನ ವೇಗಕ್ಕೆ ಅದರ ಆಸೆ ಬಿಡಿ.

ನೀರಿಗೆ ಇಳಿಸುವುದು

ಯಂತ್ರ ಇರುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಅನ್ವಯಿಸುತ್ತದೆ, ನೋಂದಣಿ, ಸರ್ವೆ ಎಲ್ಲ ಇದೆ. ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು, ದಡದ ಎಷ್ಟೋ ಭಾಗ ಅರಣ್ಯ. ಎಂಜಿನ್ ಬಿಚ್ಚುವ ಮೊದಲೇ ಹೋಗಿ ಕೇಳಿಕೊಂಡು ಬನ್ನಿ.

ಮೊದಲ ದಿನ ದೋಣಿಯನ್ನು ದಡದ ಗಟ್ಟಿ ಮರಕ್ಕೆ ಕಟ್ಟಿ, ಅರ್ಧ ವೇಗದಲ್ಲಿ ಅರ್ಧ ಗಂಟೆ ಓಡಿಸಿ. ಆಮೇಲೆ ಸ್ವಿಚ್ ಆಫ್ ಮಾಡಿ, ವೈರಿನ ತುದಿಗೆ ಒತ್ತಿ ಕೂರಿಸಿದ ಪ್ರತಿ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಕಿವಿ) ಮುಟ್ಟಿ ನೋಡಿ. ನಮ್ಮದರಲ್ಲಿ ಏಳು ಲಗ್ ತಣ್ಣಗಿದ್ದವು, ಎಂಟನೆಯದು ಕೈ ಇಡಲಾರದಷ್ಟು ಬಿಸಿ. ಬಿಚ್ಚಿದರೆ ಒಳಗಿನ ತಾಮ್ರದ ಎಳೆಗಳು ಸಡಿಲ, ತುದಿಯಲ್ಲಿ ಕಪ್ಪು ಹಿಡಿದಿತ್ತು. ಅದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದೆವು. ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗೆ ತಂದು ಎಂಟನ್ನೂ ಹೊಸದಾಗಿ ಒತ್ತಿಸಿದೆವು.

ಎರಡನೆಯ ದಿನ ದಡದ ಹತ್ತಿರವೇ ಓಡಿಸಿ. 10, 20, 30, 40 ಆಂಪ್‌ಗೆ ಎಷ್ಟು ವೇಗ ಅಂತ ಬರೆಯಿರಿ. ಪ್ರತಿ ಅಂಕಿಗೂ ಒಮ್ಮೆ ಗಾಳಿಯ ಜೊತೆ, ಒಮ್ಮೆ ಎದುರು ಹೋಗಿ ಸರಾಸರಿ ತೆಗೆಯಿರಿ. ಆ ಪಟ್ಟಿಯೇ ಇನ್ನು ನಿಮ್ಮ ಡೀಸೆಲ್ ಮೀಟರ್. ಲೈಫ್ ಜಾಕೆಟ್, ಲಂಗರು, ಎರಡು ಹುಟ್ಟು ಇಲ್ಲದೆ ಹೊರಡಬೇಡಿ. ನೀರು ಇಳಿದ ತಿಂಗಳುಗಳಲ್ಲಿ ಮುಳುಗಡೆಯ ಹಳೆಯ ಮರದ ಬುಡಗಳು ಅಂಗೈ ಆಳದಲ್ಲೇ ಇರುತ್ತವೆ. ಆಗ ಒಬ್ಬರು ಮೂತಿಯಲ್ಲಿ ಕೂತು ನೋಡುತ್ತಲೇ ಇರಬೇಕು.

ಮಳೆಗಾಲ

ಮೇ ಕೊನೆಗೆ ದೋಣಿ ಮೇಲೆತ್ತಿ. ಬ್ಯಾಟರಿ ಮನೆಗೆ ತಂದು ಅರ್ಧ, ಅರುವತ್ತು ಪರ್ಸೆಂಟ್ ಚಾರ್ಜಿನಲ್ಲಿ ಇಡಿ. ಪೂರ್ತಿ ತುಂಬಿಯೂ ಬೇಡ, ಖಾಲಿಯೂ ಬೇಡ. ತಿಂಗಳಿಗೊಮ್ಮೆ ನೋಡಿ. ಕಂಟ್ರೋಲರನ್ನು ಬಿಚ್ಚಿ ತಂದು ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಕಡೆಯ ಮಳೆಯಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಸರ್ಕ್ಯೂಟ್ ಬೋರ್ಡ್ ಉಳಿಯುತ್ತದಾ? ದೋಣಿಯಲ್ಲೇ ಉಳಿಯುವ ವೈರಿನ ತುದಿಗಳಿಗೆ ಗ್ರೀಸ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಮೇಲಿನಿಂದ ತೂಗುಹಾಕಿ. ಮೊದಲ ಮಳೆಗಾಲದಲ್ಲಿ ಇಲಿ ಬಂದು ಥ್ರಾಟಲಿನ ವೈರ್ ಕಡಿದು ಹೋಗಿತ್ತು. ಬೆಲ್ಟ್ ಸಡಿಲ ಮಾಡಿಡಿ. ಹದಿನೈದು ದಿನಕ್ಕೊಮ್ಮೆ ಹೋಗಿ ಶಾಫ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಬನ್ನಿ. ಬೇರಿಂಗಿನ ಗ್ರೀಸ್ ಒಂದೇ ಕಡೆ ಕೂರುವುದಿಲ್ಲ, ಗ್ಲ್ಯಾಂಡಿನ ಹಗ್ಗವೂ ಶಾಫ್ಟಿಗೆ ಕಚ್ಚಿಕೊಳ್ಳುವುದಿಲ್ಲ.